ಚೌಕಾಸಿ ಮಾಡದ ಗಿರಾಕಿ

ಬಚ್ಚಲಿನ ಕಲೆ ತೆಗೆಯಲು ಒಂದು ಬಾಟಲಿ ಆಸಿಡ್ ಬೇಕೆಂದು ಮೊನ್ನೆ ಮಧುಗಿರಿ ಪೇಟೆಗೆ ಹೋದೆ. ಅಂಗಡಿಯ ಯುವಕ ಫೋನಿನಿಂದ ಕಣ್ಣೆತ್ತದೆ ಆಧಾರ್ ಕಾರ್ಡ್ ಕೇಳಿ, ದಪ್ಪ ರಿಜಿಸ್ಟರೊಂದನ್ನು ನನ್ನ ಮುಂದೆ ತಳ್ಳಿದ. ಹೆಸರು, ಊರು, ಯಾತಕ್ಕೆ ಬೇಕು, ಸಹಿ. ಈಗ ಕಾನೂನು ಹಾಗಂತೆ. ನನ್ನ ಮದುವೆಯಲ್ಲೂ ಯಾರೂ ಇಷ್ಟು ಬರೆಸಿಕೊಂಡಿರಲಿಲ್ಲ ಎಂದು ಗೊಣಗಿದೆ. ಮುಚ್ಚಳದ ಸಂದಿಯಿಂದ ಬಂದ ಘಾಟು ಮಾತ್ರ ಹಳೆಯ ಪರಿಚಯದ್ದು.

ಕೋಟೆ ಬೆಟ್ಟದ ಕೆಳಗಿದ್ದ ನಮ್ಮ ಮಾವನವರ ಅಂಗಡಿಯಲ್ಲೂ ಇದೇ ಘಾಟಿತ್ತು. ಆಸಿಡ್, ಗಂಧಕ, ಇಲಿ ಪಾಷಾಣ, ಬಾವಿ ತೋಡುವವರು ಬಂಡೆ ಸಿಡಿಸಲು ಒಯ್ಯುತ್ತಿದ್ದ ಪೆಟ್ಲುಪ್ಪು, ಎಲ್ಲವೂ ಬೆಲ್ಲದಚ್ಚಿನ ಎದುರಿಗೇ ಇರುತ್ತಿದ್ದವು. ಕೇಳುವವರಿರಲಿಲ್ಲ. ಆದರೆ ಮಾವನವರಿಗೆ ಅವರದೇ ಕಾಯಿದೆಯಿತ್ತು. ಪಾಷಾಣವನ್ನು ಕೈಗೆ ಕೊಡುತ್ತಿರಲಿಲ್ಲ, ಕಲ್ಲುಚಪ್ಪಡಿಯ ಮೇಲಿಡುತ್ತಿದ್ದರು. ಬೇಕೆಂದೇ ಬೆಲೆ ಏರಿಸಿ ಹೇಳಿ ಗಿರಾಕಿಯ ಮುಖ ನೋಡುತ್ತಾ ಕೂರುತ್ತಿದ್ದರು. ಹೊಸ ಸೊಸೆಯಾದ ನಾನು ಅದನ್ನು ಜಿಪುಣತನವೆಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಮಾವನವರು ಊಟಕ್ಕೆ ಒಳಗೆ ಹೋದಾಗ ಗಲ್ಲಾಪೆಟ್ಟಿಗೆಯ ಮುಂದೆ ನಾನು ಕೂತಿದ್ದೆ. ಒಬ್ಬ ಹೆಂಗಸು ಬಂದು ಇಲಿ ಪಾಷಾಣ ಕೇಳಿದಳು. ನಾನೂ ಮಾವನವರಂತೆ ಬೆಲೆ ಏರಿಸಿ ಹೇಳಿದೆ. ತುಟಿಪಿಟಕ್ಕೆನ್ನದೆ ಕೇಳಿದಷ್ಟು ದುಡ್ಡು ಕೊಟ್ಟು ಹೋದಳು. ನನಗೋ ವ್ಯಾಪಾರ ಕೈ ಹತ್ತಿತೆಂಬ ಜಂಬ. ಕೈ ಒರೆಸಿಕೊಂಡು ಬಂದ ಮಾವನವರ ಮುಂದೆ ಅದನ್ನೇ ಕೊಚ್ಚಿಕೊಂಡೆ.

ಅವರ ಮುಖ ಕಪ್ಪಿಟ್ಟಿತು. "ಇಲಿಗೆ ಒಯ್ಯೋರು ನಾಲ್ಕಾಣೆಗೂ ಜಗಳ ಆಡ್ತಾರೆ ಕಣಮ್ಮ. ಚೌಕಾಸಿ ಮಾಡ್ದಿದ್ರೆ ಅದು ಇಲಿಗಲ್ಲ. ಮುಖ ಹೆಂಗಿತ್ತು?"

ನಾನು ಮುಖವನ್ನೇ ನೋಡಿರಲಿಲ್ಲ. ಹೆಸರಿಲ್ಲ, ಊರಿಲ್ಲ. ನೆನಪಿದ್ದದ್ದು ಸೀರೆಯ ಹಸಿರಂಚು ಮಾತ್ರ. ಮಾವನವರು ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿನ ಕಡೆ ಓಡಿದರು. ಅವರು ತಿರುಗಿ ಬರುವವರೆಗೆ ನಾನು ಹೇಗಿದ್ದೆನೋ ದೇವರೇ ಬಲ್ಲ.

ಐ.ಡಿ.ಹಳ್ಳಿ ಬಸ್ಸಿನಲ್ಲಿ ಹಸಿರಂಚು ಸಿಕ್ಕಿತಂತೆ. ಹತ್ತು ಜನರೆದುರು ಅವಳ ಮಾನ ತೆಗೆಯದೆ, ಮಾವನವರು ಹೇಳಿದ್ದು ಇಷ್ಟೇ: "ತಾಯಿ, ನಮ್ ಸೊಸೆ ಹಳೇ ಸರಕು ಕೊಟ್ಬುಟ್ಟವ್ಳೆ, ಇದ್ಕೆ ಇಲಿ ಸಾಯಾಕಿಲ್ಲ. ಬಾ, ಬ್ಯಾರೆ ಕೊಡ್ತೀನಿ."

ಅವಳು ಬಂದಳು. ಬೇರೆ ಪಾಷಾಣದ ಮಾತನ್ನು ಯಾರೂ ಎತ್ತಲಿಲ್ಲ. ನಾನು ಮುದ್ದೆ ಬಡಿಸಿದೆ, ಅರ್ಧ ಉಂಡು ಅತ್ತಳು. ಮಾವನವರು ಹೇಳಿಕಳಿಸಿದ್ದರಿಂದ ಸಂಜೆ ಅವಳ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋದ. ಮುಂದಿನ ಸುಗ್ಗಿಯಲ್ಲಿ ಅವಳೇ ಹಸಿ ಕಡಲೆಕಾಯಿ ಹೊತ್ತು ತಂದು ಕೊಟ್ಟು, ಒಂದು ಅಚ್ಚು ಬೆಲ್ಲಕ್ಕೆ ನನ್ನೊಡನೆ ಅರ್ಧ ಗಂಟೆ ಚೌಕಾಸಿ ಮಾಡಿದಳು. ಒಳಗಿದ್ದ ಮಾವನವರು ಕೇಳಿಸಿಕೊಂಡು ನಗುತ್ತಿದ್ದರು. ಆ ದಿನದಷ್ಟು ಸಂತೋಷ ನನಗೆ ಯಾವ ವ್ಯಾಪಾರದಲ್ಲೂ ಆಗಲಿಲ್ಲ.

ನೀವೇ ಹೇಳಿ, ಅಂದು ಇಂಥದೊಂದು ರಿಜಿಸ್ಟರಿದ್ದಿದ್ದರೆ ಹಸಿರಂಚು ಹುಡುಕುವ ಪಾಡು ಬರುತ್ತಿತ್ತೇ? ಗೊಣಗಾಟ ನಿಲ್ಲಿಸಿ ಹೆಸರು, ಊರು ದುಂಡಗೆ ಬರೆದು ಸಹಿ ಹಾಕಿದೆ. ಯುವಕ ಇನ್ನೂ ಫೋನನ್ನೇ ನೋಡುತ್ತಾ ಬೆಲೆ ಹೇಳಿದ. ಪರ್ಸಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದೆ.

"ಐದು ರೂಪಾಯಿ ಕಮ್ಮಿ ಮಾಡ್ಕೊಳಪ್ಪ" ಎಂದೆ.

ಅವನು ಆಗ ತಲೆಯೆತ್ತಿ ನನ್ನ ಮುಖ ನೋಡಿದ.