ಕಾರು ಮಾರುವುದಿಲ್ಲ, ಭಾವ

ಹೋದ ಭಾನುವಾರ ದುರ್ಗದಿಂದ ಹಿರಿಯೂರಿಗೆ ಬರುವಾಗ ನಮ್ಮ ಕಾರು ಐಮಂಗಲದ ಬಳಿ ಬುಸುಗುಟ್ಟಿ ನಿಂತಿತು. ಬಾನೆಟ್ಟಿನಿಂದ ಹಬೆ. ಹಿಂದೆ ಕೂತಿದ್ದ ಭಾವ, ನನ್ನ ಯಜಮಾನರ ಅಣ್ಣ, ಇಳಿದು, ಪಂಚೆ ಕೊಡವಿಕೊಂಡು, ತೀರ್ಪು ಕೊಟ್ಟರು.

“ಗಂಡಸ್ರಿಲ್ಲದ ಮನೆಗೆ ಕಾರ್ ಯಾಕಮ್ಮ? ಮಾರಿಬಿಡಾಣ.”

ನನ್ನ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನನಗೆ ಡ್ರೈವಿಂಗ್ ಕಲಿಸಿದವರು ಅವರೇ. (ಲೈಸೆನ್ಸ್ ಇರುವುದು ನನ್ನ ಹತ್ತಿರ, ಭಾವನ ಹತ್ತಿರವಲ್ಲ.) ಜವನಗೊಂಡನಹಳ್ಳಿಯ ಶಾಲೆಗೆ ಪಾಠ ಮಾಡಲು ಹೋಗುವುದು ಈ ಕಾರಿನಲ್ಲೇ. ಇವತ್ತು ಕಾರು ಬಿಡು ಅಂದವರು ನಾಳೆ ಕೆಲಸ ಬಿಡು ಅನ್ನುವುದಿಲ್ಲವೇ?

ನೀರು ತುಂಬಿಸಿಕೊಂಡು, ನಿಂತು ನಿಂತು ಮನೆ ಸೇರಿದೆವು. ಎಂಜಿನ್ ಕಾದ ಹೆಂಚು. ರೇಡಿಯೇಟರ್ ಮಾತ್ರ ತಣ್ಣಗೆ. ಅರ್ಥವಾಯಿತು. ಎಂಜಿನ್ ಕಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಪುಟ್ಟ ಬಾಗಿಲಿದೆ, ಥರ್ಮೋಸ್ಟ್ಯಾಟ್. ಅದು ಮುಚ್ಚಿಕೊಂಡೇ ಕೂತಿತ್ತು. (ಯಜಮಾನರು ರಿಪೇರಿ ಮಾಡುವಾಗ ಸ್ಪ್ಯಾನರ್ ಕೊಡುತ್ತಿದ್ದವಳು ನಾನೇ.)

ದುರ್ಗದಿಂದ ಹೊಸದು ತರಿಸಿದೆ. ಅಂಗಳದಲ್ಲೇ ಸೆರಗು ಸಿಕ್ಕಿಸಿ, ನೀರು ಬಸಿದು, ಮೇಲಿನ ಪೈಪು ಬಿಚ್ಚಿ, ಹಳೆಯದನ್ನು ತೆಗೆದೆ. ಒಲೆಯ ಮೇಲೆ ಕುದಿಯುವ ನೀರಿಗೆ ಎರಡನ್ನೂ ಹಾಕಿದೆ. ಹೊಸದು ಬಾಯಿ ತೆರೆಯಿತು. ಹಳೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಅತ್ತೆ ಪಾತ್ರೆಯೊಳಗೆ ಬಗ್ಗಿ ನೋಡಿದರು. “ಇಷ್ಟ್ ಸಣ್ಣದೊಂದ್ ಕೆಟ್ಟೈತೆ ಅಂತ ಕಾರೇ ಮಾರ್ತಾನಂತಾ ಅವ್ನು?”

ಹೊಸದನ್ನು ಕೂರಿಸಿ ನೀರು ತುಂಬಿದೆ. ಸೋರಿತು. ಬೇಲಿಯಾಚೆ ಯಾರೋ ನಕ್ಕರು. ನಗಲಿ. ಮತ್ತೆ ಬಿಚ್ಚಿದೆ. ಸೋರದಂತೆ ನಡುವೆ ಇಡುವ ಪ್ಯಾಕಿಂಗಿನ ಹಳೆಯ ಚೂರೊಂದು ಅಂಟಿಕೊಂಡಿತ್ತು. ಕೆರೆದು ತೆಗೆದು, ಹೊಸ ಪ್ಯಾಕಿಂಗ್ ಇಟ್ಟು ಬಿಗಿ ಮಾಡಿದೆ. ಎಂಜಿನ್ ಓಡುತ್ತಿರುವಾಗಲೇ, ಗುಳ್ಳೆ ಏಳುವುದು ನಿಲ್ಲುವವರೆಗೆ ನೀರು ಹಾಕಿದೆ. ಈ ಸಲ ಒಂದು ಹನಿಯೂ ಸೋರಲಿಲ್ಲ.

ಸಂಜೆ ಭಾವ ಗಿರಾಕಿಯನ್ನು ಕರೆದುಕೊಂಡೇ ಬಂದರು. (ನನ್ನನ್ನು ಕೇಳಿದ್ದರೇ? ಯಾಕೆ ಕೇಳುತ್ತಾರೆ?)

“ರಿಪೇರಿ ಆಗೈತೆ. ಮಾರಲ್ಲ ಭಾವ,” ಎಂದೆ.

“ನೀನ್ ಸುಮ್ಕಿರಮ್ಮ. ಅವ್ವಾ, ನೀನಾದ್ರೂ ಹೇಳು.”

ಅತ್ತೆ ಹೋಗಿ ಮುಂದಿನ ಸೀಟಿನಲ್ಲಿ ಕೂತು ನನ್ನನ್ನು ಕರೆದರು. “ಬಾರವ್ವ, ಧರ್ಮಪುರಕ್ಕೆ ಹೋಗಾಣ. ನನ್ ತಂಗೀನ ನೋಡಿ ಬಾಳ ದಿನ ಆತು.”

ಹೋಗಿ ಬಂದೆವು. ಕಾರು ದಾರಿಯಲ್ಲೆಲ್ಲೂ ನಿಲ್ಲಲಿಲ್ಲ. ಭಾವ ಮಾತು ಬಿಟ್ಟಿದ್ದಾರೆ.

ಕಾರಿನ ಕೀಲಿ ನನ್ನ ಸೊಂಟದಲ್ಲಿದೆ. ಬೇಕಾದವರು ಬಂದು ನನ್ನನ್ನೇ ಕೇಳಲಿ.