ಕಂಬಳಿಯ ಮೇಲೆ ಜಾರಿದ ನೀರು

ನಾನು ನಿಂತಿದ್ದದ್ದು ತಮಿಳುನಾಡಿನ ಪೆನ್ನಾಗರಂ ಆಚೆಯ ಹಳ್ಳದ ಈಚೆ ದಡದಲ್ಲಿ, ನೀರಿನಿಂದ ಎಂಟು ಹೆಜ್ಜೆ ಮೇಲೆ. ದೀಪಾವಳಿಗೆ ಮುಂಚಿನ ಸೋಮವಾರ, ಸಂಜೆ ನಾಲ್ಕೂವರೆ. ನಾಲ್ಕು ವರ್ಷವಾಯಿತು. ಇಂದು ಸೇಲಂನ ನನ್ನ ತರಗತಿಯಲ್ಲಿ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಾನು ಗಣಿತದ ಮೇಷ್ಟ್ರು. ಹರಿಯುವ ನೀರಿನಲ್ಲಿ ತಳಕ್ಕೆ ತಾಗಿದ ಪದರ ಅಲ್ಲೇ ಅಂಟಿ ನಿಲ್ಲುತ್ತದೆ. ನೀರನ್ನು ಒಲ್ಲದ ಮೈಗಳ ಮೇಲೆ ಹಾಗಲ್ಲ. ಕೆಸುವಿನ ಎಲೆಯ ಮೇಲೆ ಹನಿ ಉರುಳುವುದನ್ನು ನೀವೂ ಕಂಡಿರುತ್ತೀರಿ. ಅಲ್ಲಿ ಸಿಕ್ಕಿಕೊಂಡ ಗಾಳಿಯ ಮೇಲೆ ನೀರು ಜಾರುತ್ತದೆ. ಎಷ್ಟು ಜಾರುತ್ತದೆಂದು ಲೆಕ್ಕ ಹಾಕಿಯೇ ನಾನು ಡಾಕ್ಟರ್ ಎನಿಸಿಕೊಂಡದ್ದು. ಲೆಕ್ಕದ ಮೊದಲ ಸಾಲು: ಗಾಳಿ ಇದ್ದಲ್ಲೇ ಇದೆ ಎಂದಿಟ್ಟುಕೊಳ್ಳೋಣ.

"ಕಾತ್ತು ಪೋಯಿಟ್ಟಾ, ಸಾರ್?" ಎಂದಳು ಹುಡುಗಿ. ಗಾಳಿ ಹೊರಟುಹೋದರೆ?

ನಾಲ್ಕು ವರ್ಷದ ಹಿಂದಿನ ಆ ಸೋಮವಾರ ಮಧ್ಯಾಹ್ನ, ಕುರಿ ಸಾಕುತ್ತಿದ್ದ ನನ್ನ ಸೋದರಮಾವ, ಹುಣಸೆಬೀಜದ ಗಂಜಿ ತೊಡೆದ ಹೊಸ ಕಂಬಳಿಯ ಮೇಲೆ ಒಂದು ಚೊಂಬು ನೀರು ಸುರಿದ. ನೀರು ಮಣಿಮಣಿಯಾಗಿ ಉರುಳಿತು.

"ನೋಡ್ಲಾ ಡಾಕ್ಟ್ರೇ, ನಿನ್ ಕಾಲೇಜ್ನಾಗೆ ಐತಾ ಇದು?"

"ನನ್ ಲೆಕ್ಕಾನೂ ಇದೇ ಮಾವ! ನೀರು ಇದ್ನ ಇಡಿಯಾಕಿಲ್ಲ, ಜಾರ್ಕಂಡ್ ಓಯ್ತದೆ."

ನನ್ನ ವಿದ್ಯೆ ಮನೆಯವರಿಗೆ ಅರ್ಥವಾದದ್ದು ಅದೇ ಮೊದಲು. ಹಿಗ್ಗಿಬಿಟ್ಟೆ. ಅತ್ತೆ ಕೇಳುತ್ತಾ ಕೂತಿದ್ದಳು.

ಸಂಜೆಗೆ ಮೇಲೆಲ್ಲೋ ಮಳೆಯಾಗಿ ಹಳ್ಳ ಏರಿತು. ಆಚೆ ದಡದಲ್ಲಿ ಮಾವನ ಕುರಿಗಳ ಜೊತೆ ನೆರೆಮನೆಯ ಮಾದಣ್ಣ ಒಬ್ಬನೇ ಇದ್ದ. ಅವನ ನೆರವಿಗೆಂದು ಮಾವ ಕಂಬಳಿಯ ಕೊಪ್ಪೆ ಹಾಕಿ, ಎದೆಯ ಮೇಲೆ ಗಂಟು ಬಿಗಿದು ಇಳಿಯಲು ಹೊರಟ.

"ಕಂಬ್ಳಿ ಬಿಚ್ಚಾಕಿ," ಎಂದಳು ಅತ್ತೆ. "ನೀರ್ಗಿಳಿವಾಗ ಯಾರಾನ ಒದ್ಕಂತಾರಾ?"

"ಸುಮ್ನಿರಮ್ಮಿ. ನೀರು ಇಡಿಯಾಕಿಲ್ಲಾಂತ ಡಾಕ್ಟ್ರೇ ಯೋಳವ್ನೆ." ನನ್ನ ಕಡೆ ತಿರುಗಿ ನಕ್ಕ.

ಚೊಂಬಿನ ನೀರು ಬೇರೆ, ಹಳ್ಳದ ನೀರು ಬೇರೆ. ಅದು ನನಗೆ ಗೊತ್ತಿದ್ದ ವಿಷಯ. ನಾನೂ ನಕ್ಕೆ.

ಮೊಣಕಾಲುದ್ದದ ನೀರಿನವರೆಗೆ ಏನೂ ಆಗಲಿಲ್ಲ. ಎದೆಮಟ್ಟದಲ್ಲಿ ಕಂಬಳಿಯಿಂದ ಸಣ್ಣ ಗುಳ್ಳೆಗಳೆದ್ದವು. ಅದು ಗಾಳಿ. ಆಮೇಲೆ ಉಣ್ಣೆ ನೀರು ಕುಡಿಯಿತು. ಮಾವನ ಎರಡು ಕೈಯೂ ಗಂಟಿನ ಮೇಲಿದ್ದವು. ನೆಂದ ಗಂಟು ಬಿಚ್ಚಲಿಲ್ಲ.

ಹೆಣ ಸಿಕ್ಕ ದಿನ ವಿಚಾರಿಸಲು ಬಂದವರಿಗೆ ಅತ್ತೆ, "ವೆಳ್ಳ ಜಾಸ್ತಿ ಬಂತು ಸಾಮಿ," ಎಂದು ಪ್ರವಾಹದ ಮಾತನ್ನಷ್ಟೇ ಹೇಳಿದಳು.

ಒತ್ತಡ ಹೆಚ್ಚಿದರೆ ಗಾಳಿ ಹೋಗುತ್ತದೆ, ಆಮೇಲೆ ಈ ಲೆಕ್ಕ ಸುಳ್ಳು ಎಂದು ಇಂದು ಮೊದಲ ಸಲ ಬೋರ್ಡಿನ ಮೇಲೆ ಬರೆದೆ.

ಕಂಡವರು ನನ್ನನ್ನು ಬಿಟ್ಟು ಇಬ್ಬರೇ. ಆಚೆ ದಡದ ಮಾದಣ್ಣ. ಅವನು ಮಾವ ಮುಳುಗಿದ್ದನ್ನಷ್ಟೇ ಕಂಡ. ಈಚೆ ದಡದಲ್ಲಿ ಅತ್ತೆ. ಮಾವ ಯಾಕೆ ಕಂಬಳಿ ಬಿಚ್ಚಲಿಲ್ಲ ಎಂಬುದು ಅವಳಿಗೆ ಗೊತ್ತು. ಇದುವರೆಗೆ ಅವಳು ಅದನ್ನು ಒಬ್ಬರ ಮುಂದೆಯೂ ಅಂದಿಲ್ಲ, ನನ್ನ ಮುಂದೆಯೂ.