ಹೇಳಿಕಳಿಸಿದ ಮಾತು

ನಮ್ಮ ಮನೆಯಲ್ಲಿ ಅಪ್ಪ-ಮಗ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅಪ್ಪ ಎಂದರೆ ನನ್ನ ಮಾವ, ಮಗ ಎಂದರೆ ನನ್ನ ಗಂಡ. ಮಾತು ಬಿಟ್ಟರು ಅಂದಮಾತ್ರಕ್ಕೆ ಮನೆ ತಣ್ಣಗಾಯಿತು ಅಂದುಕೊಳ್ಳಬೇಡಿ. ಮಾತು ದುಪ್ಪಟ್ಟಾಯಿತು. ಎಲ್ಲವೂ ನನ್ನ ಬಾಯಿಂದ ಹಾಯ್ದು ಹೋಗಬೇಕಿತ್ತು, ಅಷ್ಟೇ.

ಕಾರಣ ಒಂದು ಜೋಡಿ ಎತ್ತು. ಮಾವ ಇಟಗಿಗೆ ಭೀಮಾಂಬಿಕೆಯ ದರ್ಶನಕ್ಕೆ ಹೋದ ದಿನವೇ ಇವರು ಎತ್ತುಗಳನ್ನು ಮಾರಿ, ಟ್ರ್ಯಾಕ್ಟರ್ ಬುಕ್ ಮಾಡಿ ಬಂದರು. ಸಂಜೆ ಮಾವ ಪ್ರಸಾದದ ಚೀಲ ಹಿಡಿದು ಬಂದು ನೋಡಿದರೆ ಮೇವು ಹಾಕುವ ಗ್ವಾದಲಿಯ ಮುಂದೆ ಎಮ್ಮೆ ಒಂದೇ ಮೆಲುಕು ಹಾಕುತ್ತ ನಿಂತಿದೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾರದಲ್ಲಿ ಮುಗಿದುಹೋಗುತ್ತಿತ್ತು. ನನ್ನ ಕಡೆ ತಿರುಗಿ, “ನಿನ್ನ ಗಂಡಗ ಹೇಳವಾ, ಇನ್ನ ನನ್ನ ಕೂಡ ಮಾತಾಡಬ್ಯಾಡ ಅಂತ” ಅಂದರು. ಗಂಡ ಎರಡು ಮೊಳ ದೂರದಲ್ಲಿ ನಿಂತಿದ್ದರು. ನಾನೂ ಮಳ್ಳಿಯ ಹಾಗೆ ತಿರುಗಿ ಹೇಳಿದೆ. ನನ್ನ ಎರಡನೇ ನೌಕರಿ ಹೀಗೆ ಶುರುವಾಯಿತು.

ಮೊದಲನೇ ನೌಕರಿ ಶಾಲೆಯದು. ನರಗುಂದದ ಕನ್ನಡ ಶಾಲೆಯೊಂದರಲ್ಲಿ ಒಂದನೇ ತರಗತಿಯ ಮಕ್ಕಳಿಗೆ ನಾನು ಅಕ್ಕೋರು. ನಾನು ‘ಅ’ ಅಂದರೆ ಓಣಿಯ ಆ ತುದಿಯ ಗಿರಣಿಯವನಿಗೂ ಕೇಳಬೇಕು, ಅಂಥ ದನಿ. ಮನೆಯಲ್ಲಿ ಅದನ್ನು ಮಾತು ತೊಳೆಯಲು ಬಳಸುತ್ತಿದ್ದೆ. “ಆ ಶಾಣ್ಯಾಗ ಹೇಳು, ಕಾಲುವಿಗೆ ನೀರ ಬಂದೈತಿ, ಹಾಸಿಗಿ ಬಿಟ್ಟು ಏಳಂತ” ಎಂದು ಮಾವ ಹೇಳಿದರೆ ನಾನು, “ಕಾಲುವಿಗೆ ನೀರ ಬಂದೈತಂತ್ರಿ, ಮಾವಾರು ಹೇಳ್ಯಾರ” ಅನ್ನುತ್ತಿದ್ದೆ. “ಮುದುಕಗ ಹೇಳು, ನನಗೂ ಕಣ್ಣದಾವ ಅಂತ” ಎಂದು ಇವರು ಅಂದರೆ, “ನೋಡ್ಯಾರಂತ್ರಿ ಮಾವಾರ” ಅನ್ನುತ್ತಿದ್ದೆ. ಇಬ್ಬರಿಗೂ ಅಸಲಿ ಮಾತು ಕೇಳಿಸಿರುತ್ತಿತ್ತು. ಆದರೂ ನಾನು ತೊಳೆದು ಕೊಡುವವರೆಗೆ ಇಬ್ಬರೂ ಕಾಯುತ್ತಿದ್ದರು, ಪುಣ್ಯಾತ್ಮರು!

ಒಂದು ಮುಂಜಾನೆ ಎದ್ದು ಬಾಯಿ ತೆರೆದರೆ ದನಿ ಇಲ್ಲ. ಬರೀ ಗಾಳಿ.

ನರಗುಂದದ ಡಾಕ್ಟರು ಗುಳಿಗೆ ಕೊಟ್ಟರು. ಅತ್ತೆ ಅರಿಶಿನ-ಹಾಲು, ಬೆಲ್ಲ-ಮೆಣಸು ಕೊಟ್ಟರು, ಕೊನೆಗೆ ಕೊರಳಿಗೊಂದು ದಾರವನ್ನೂ ಕಟ್ಟಿದರು. ಗದಗಿನ ದೊಡ್ಡ ದವಾಖಾನೆಯಲ್ಲಿ ಗಂಟಲೊಳಗೆ ನಳಿಗೆ ಇಳಿಸಿ ನೋಡಿದರು. “ಗಂಟಲಿಗೆ ಏನೂ ಆಗಿಲ್ರಿ. ಮನಸ್ಸಿನ ಮ್ಯಾಲೆ ಭಾರ ಬಿದ್ದರೂ ಒಮ್ಮೊಮ್ಮೆ ಹಿಂಗ ಆಕ್ಕೈತಿ. ಮನಿಮಂದಿನ್ನ ಕೂಡಿಸಿ ಮಾತಾಡೋರು ಇರ್ತಾರ, ಅವರನ್ನ ಕಾಣ್ರಿ” ಅಂದರು. ಇತ್ತ ಶಾಲೆಯ ಹೆಡ್ ಮಾಸ್ತರರು ಮೆಲ್ಲಗೆ, “ನಿಮ್ಮ ರಜಾ ಮುಗಿಯೂದ್ರಾಗ ದನಿ ಬರಲಿಲ್ಲಂದ್ರ ಒಂದನೇ ಕ್ಲಾಸ ಬ್ಯಾರೇದವ್ರಿಗೆ ಕೊಡಬೇಕಾಕ್ಕೈತ್ರಿ ಅಕ್ಕಾರ” ಎಂದು ಹೇಳಿದರು. ಆವತ್ತು ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ಅಳುವುದಕ್ಕೂ ಸಪ್ಪಳವಿಲ್ಲ.

ನಾನು ಮೂಗಿಯಾದರೆ ಅಪ್ಪ-ಮಗ ಮಾತಾಡಿಯಾರು ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ನನ್ನ ಜಾಗಕ್ಕೆ ಎಮ್ಮೆಗೆ ಬಡ್ತಿ ಸಿಕ್ಕಿತು. “ನೋಡವಾ ನಮ್ಮವ್ವಾ, ಈ ಮನಿಯಾಗ ಹತ್ತಿಗೆ ಹುಳದ ಎಣ್ಣಿ ಹೊಡೀಬೇಕು ಅನ್ನೂದು ಯಾರಿಗೂ ಖಬರಿಲ್ಲ” ಎಂದು ಮಾವ ಅದರ ಬೆನ್ನು ಸವರಿ ಹೇಳುವರು. ಪಡಸಾಲೆಯಿಂದ ಇವರು, “ನಾಳಿ ಹೊಡಿಯಾವಿದ್ದೀನಿ ಅಂತ ಎಮ್ಮಿಗೆ ಗೊತ್ತೈತಿ” ಅನ್ನುವರು. ಎಮ್ಮೆ ಮಾತ್ರ ನನ್ನಂತೆ ಮಳ್ಳಿಯಲ್ಲ, ಯಾವ ಮಾತನ್ನೂ ದಾಟಿಸಲಿಲ್ಲ.

ಮನಸ್ಸಿನ ಡಾಕ್ಟರನ್ನು ಹುಡುಕುವುದು ಎಲ್ಲಿ? ಗಜೇಂದ್ರಗಡದಲ್ಲಿ ಒಡೆದ ಮನೆಗಳನ್ನು ಕೂಡಿಸುವ ಹಿರಿಯರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಹೋದೆವು. ಅವರು ಎತ್ತಿನ ಕತೆಯನ್ನು ಅರ್ಧ ಕೇಳಿ, “ಸೀದಾ ಪಾಲು ಮಾಡ್ಕೊಂಡ್ ಬಿಡ್ರಲಾ” ಅಂದರು. ನನ್ನ ಗಂಡ ಒಬ್ಬನೇ ಮಗ. ಯಾರ ಕೂಡ ಪಾಲು, ಎಮ್ಮೆಯ ಕೂಡ? ಸಿಟ್ಟಿಗೆ ಮೈಯೆಲ್ಲ ಉರಿಯಿತು, ಬೈಯೋಣವೆಂದರೆ ದನಿ ಇಲ್ಲ.

ಕೊನೆಗೆ ನನ್ನ ಜೊತೆಯ ಅಕ್ಕೋರೊಬ್ಬರು ರೋಣದಲ್ಲಿ ವಾರಕ್ಕೊಮ್ಮೆ ಬಂದು ಕೂರುವ ಬಾಯಾರ, ಅಂದರೆ ಮೇಡಂ ಒಬ್ಬರ, ಸುದ್ದಿ ತಂದರು. ಕುಟುಂಬಗಳ ತೊಡಕು ಬಿಡಿಸುವುದನ್ನೇ ಕಲಿತು ಬಂದವರಂತೆ. ನನ್ನ ಪರವಾಗಿ ಅತ್ತೆ ಫೋನ್ ಮಾಡಿದಾಗ ಆ ಬಾಯಾರು ಹೇಳಿದ್ದು ಒಂದೇ ಮಾತು: “ಮನಿಮಂದಿ ಎಲ್ಲಾರೂ ಬರ್ರಿ.”

ನಮ್ಮ ಕಡೆ ಮನೆಯ ಜಗಳಕ್ಕೆ ಎಲ್ಲರೂ ಬರ್ರಿ ಎಂದರೆ ಅರ್ಥ ಒಂದೇ: ನ್ಯಾಯ ಕೂಡುತ್ತದೆ, ತಮ್ಮ ತಮ್ಮ ಕಡೆಯ ಹಿರಿಯರನ್ನು ಕರೆತರಬೇಕು. ಮಾವ ರಾಜೂರಿನಿಂದ ತಮ್ಮ ಭಾವನನ್ನು ಕರೆಸಿದರು. ಇವರು ಸೋದರಮಾವನನ್ನೂ, ಕಾಳು ಕೊಳ್ಳುವ ಅಡತಿ ಅಂಗಡಿಯ ಮಾತುಗಾರ ದೋಸ್ತನನ್ನೂ ಕರೆದರು. ಎಲ್ಲರೂ ಇಸ್ತ್ರಿ ಧೋತರ ಉಟ್ಟು, ರುಮಾಲು ಸುತ್ತಿ ತಯಾರು. ಅತ್ತೆ ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದರು. ಟಂಟಂ ಆಟೋದಲ್ಲಿ ಅಪ್ಪ ಈ ಕಡೆ, ಮಗ ಆ ಕಡೆ, ನಡುವೆ ನಾನು.

ಬಾಯಾರ ಕೋಣೆಯಲ್ಲಿ ಇದ್ದದ್ದು ಐದು ಪ್ಲಾಸ್ಟಿಕ್ ಕುರ್ಚಿ. ಒಳಗೆ ನುಗ್ಗಿದ ನಮ್ಮ ಪಟಾಲಮ್ಮು ನೋಡಿ ಅವರು ಗಾಬರಿಯಾದರು. ರಾಜೂರಿನ ಹಿರಿಯರು ಎಲೆ-ಅಡಿಕೆಯ ಚೀಲ ಬಿಚ್ಚಿ ಮೇಜಿನ ಮೇಲಿಟ್ಟು, “ನಡಿಸ್ರಿ ಬಾಯಾರ. ತಪ್ಪು ಯಾರದೈತಿ ಹೇಳ್ರಿ, ದಂಡ ನಾವು ಕಟ್ಟಸ್ತೀವಿ” ಅಂದರು.

“ನಾ ತಪ್ಪು ನೋಡಾಕಿ ಅಲ್ರಿ ಅಜ್ಜಾರ. ಮನಿಯಾಗ ಮಾತು ಯಾರಿಂದ ಯಾರಿಗೆ ಹೋಗತಾವು, ಎಲ್ಲಿ ಸಿಕ್ಕೊಂತಾವು, ಅದನ್ನ ನೋಡಾಕಿ.”

“ಅಂದ್ರ ತೀರ್ಪಿಲ್ಲ?”

“ಇಲ್ರಿ.”

ತೀರ್ಪಿಲ್ಲದ ನ್ಯಾಯಕ್ಕೆ ಟಂಟಂ ಯಾಕೆ ಏರಿ ಬಂದೆವು ಎಂದು ಗೊಣಗುತ್ತ ಹಿರಿಯರೆಲ್ಲ ಹೊರಗೆ ಹೋದರು. ಬುತ್ತಿಯೂ ಅವರ ಹಿಂದೆಯೇ ಹೋಯಿತು. ಒಳಗೆ ಉಳಿದದ್ದು ಒಂದೇ ಒಲೆಯ ಅಡುಗೆ ಉಣ್ಣುವ ನಾವು ನಾಲ್ವರು.

ಬಾಯಾರು ನಾಡಿ ನೋಡಲಿಲ್ಲ, ಗುಳಿಗೆ ಕೊಡಲಿಲ್ಲ. “ಸೊಸಿ ದನಿ ಹೋಗಿದ್ದು ನಿಮಗ ಹ್ಯಾಂಗ ಅನಸ್ತೈತ್ರಿ?” ಎಂದು ಮಾವನನ್ನು ಕೇಳಿದರು. ಮಾವ ನನ್ನ ಕಡೆ ತಿರುಗಿ, “ಇವನಿಗೆ ಕೇಳವಾ, ಎಲ್ಲಾ ಇವನಿಂದ ಆಗಿದ್ದು” ಅಂದರು. ನಾನು ತಟ್ಟನೆ ಗಂಡನ ಕಡೆ ಬಾಗಿ, ಇಲ್ಲದ ದನಿಯಲ್ಲಿ ಪಿಸುಗುಟ್ಟಿದೆ. ಗಂಡ ನನ್ನ ಕಿವಿಗೆ ಏನೋ ಅಂದರು. ನಾನು ಮಾವನ ಕಡೆ ಬಾಗಿದೆ. ಬಾಯಾರು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಎದ್ದು ಬಂದು ನನ್ನನ್ನು ಎಬ್ಬಿಸಿದರು. ನನ್ನ ಕುರ್ಚಿಯನ್ನು ನಡುವಿನಿಂದ ತೆಗೆದು ಅತ್ತೆಯ ಬದಿಗೆ, ಕಿಟಕಿಯ ಕಡೆ ಮುಖಮಾಡಿ ಹಾಕಿದರು.

“ಬ್ಯಾನಿ ಒಬ್ಬರ ಮೈಯಾಗ ಕಾಣಸ್ತೈತಿ. ಅದನ್ನ ಮನಿಯವರೆಲ್ಲಾ ಕೂಡಿ ಬೆಳಿಸಿರ್ತೀರಿ” ಅಂದರು. “ಇವತ್ತಿನಿಂದ ನಿಮ್ಮ ಸೊಸಿಗೆ ರಜಾ. ದನಿ ಇರಲಿ, ಬಿಡಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಸಂಗಿಲ್ಲ. ಅಜ್ಜಾರ, ನೀವು ದಿನಾ ಒಂದು ಮಾತು ಮಗನ ಮುಖಾ ನೋಡಿ ಸೀದಾ ಹೇಳಬೇಕು.”

ಮಾವ ಸ್ವಲ್ಪ ಯೋಚಿಸಿ, “ಬೈದ್ರ ನಡೀತೈತೇನ್ರಿ?” ಅಂದರು.

“ನಡೀತೈತ್ರಿ. ಆದ್ರ ಎಮ್ಮಿ ಮುಂದ ಅಲ್ಲ.”

ಅಂಥ ರುಚಿಯಾದ ಔಷಧವನ್ನು ಮಾವನಿಗೆ ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಇಡೀ ದಿನ ಹೊಲದಲ್ಲಿ ಬೈಗುಳ ಹದಮಾಡಿ, ಸಂಜೆ ಮಗ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಬೈಯುವರು. ಇವರು ಮೊದಮೊದಲು ನನ್ನ ಮುಖ ನೋಡುತ್ತಿದ್ದರು. ನಾನು ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯುತ್ತಿದ್ದೆ. ಕೈ ಬಡಿಯುತ್ತಿತ್ತು, ತುಟಿ ಮಾತ್ರ ಚಟಕ್ಕೆ ಅಲುಗುತ್ತಿತ್ತು. ಕ್ರಮೇಣ ಇವರೂ ತಿರುಗಿ ಅನ್ನಲು ಕಲಿತರು. ಆದರೆ ನನ್ನ ದನಿ ಬರಲಿಲ್ಲ. ರಜೆ ಮುಗಿಯಲು ಬಂದಿತ್ತು. ಮಕ್ಕಳು ಇನ್ನು ಬೇರೆಯವರ ಬಾಯಿಂದ ‘ಅ’ ಕಲಿಯುತ್ತಾರೆ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.

ರಜೆಯ ಕಡೆಯ ಸಂಜೆ ಊಟಕ್ಕೆ ಕೂತಾಗ ಮಾವ ಹೊಸ ಬೈಗುಳ ತೆಗೆಯಲಿಲ್ಲ. ತಟ್ಟೆ ನೋಡುತ್ತ, “ಎತ್ತು ಮಾರೂ ಮುಂದ ನನಗೊಂದು ಮಾತು ಹೇಳಿದ್ರ ಏನ್ ಹೋಗತಿತ್ತಲೇ? ಮೈ ತೊಳದು, ಹಣಿಗೆ ಅರಿಷಿಣ ಹಚ್ಚಿ ಕಳಸ್ತಿದ್ದೆ” ಅಂದರು.

“ನೀ ಅಳ್ತೀ ಅಂತ, ಅಪ್ಪಾ. ನೀ ಅಳೂದನ್ನ ನೋಡಾಕ ನನಗ ಆಗಂಗಿಲ್ಲ. ಅದಕ್ಕ ನೀ ಇಲ್ಲದಾಗ ಮಾರಿದೆ.”

“ನಾ ಯಾಕ ಅಳಲಿ ಲೇ? ಅಳಾವ ನೀ!”

“ನೀನ! ಎಮ್ಮಿ ಈದಾಗ ಅತ್ತಾವ ನೀನ!”

ಇಬ್ಬರ ಕಣ್ಣಲ್ಲೂ ನೀರು, ಇಬ್ಬರ ದನಿಯೂ ಏರುತ್ತಿದೆ, ರೊಟ್ಟಿ ಆರುತ್ತಿದೆ. ಮೂರು ವರ್ಷ ಈ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬೇಡದ ಮಾತನ್ನೆಲ್ಲ ನನ್ನ ಗಂಟಲಿನಿಂದ ಸಾಗಿಸಿದರಲ್ಲ!

“ಬಾಯಿ ಮುಚ್ಚಿಕೊಂಡು ಉಣ್ರಿ ಇಬ್ಬರೂ! ಸಾಕಾಗಿ ಹೋಗೈತಿ ನನಗ!”

ಎಮ್ಮೆ ಬೆಚ್ಚಿ ಎದ್ದು ನಿಂತಿತು. ಅತ್ತೆಯ ಕೈಯ ಸೌಟು ಸಾರಿನ ಗಡಿಗೆಗೆ ಬಿತ್ತು. ಗಿರಣಿಯವನಿಗೂ ಕೇಳಿಸಿರಬೇಕು. ಕೂಗಿದ್ದು ನಾನೇ ಎಂದು ತಿಳಿಯಲು ನನಗೂ ಒಂದು ಗಳಿಗೆ ಬೇಕಾಯಿತು. ಕೊರಳು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ಮಾವ ತುತ್ತು ಕೈಯಲ್ಲಿ ಹಿಡಿದುಕೊಂಡೇ ಮಗನ ಕಡೆ ಬಾಗಿ ಮೆಲ್ಲಗೆ ಕೇಳಿದರು: “ಯಾರ ಪರವಾಗಿ ಬೈದ್ಲೋ ಅಕಿ?”

“ತನ್ನ ಪರವಾಗಿ, ಅಪ್ಪಾ” ಎಂದರು ಇವರು.